ಸೀಟಿನ ಮೇಲೆ ಯಾರಾದರೂ ಬೇಕು

ಹಳೆಯ ಕ್ಲಚ್ಚು ಸುಮ್ಮನೆ ಸಾಯಲಿಲ್ಲ.
ಕಳೆದ ಶನಿವಾರ, ಗೋರಿಗಳ ಎರಡನೆಯ ಸಾಲಿನಲ್ಲಿ
ಕೀರೆಂದು, ಹೊಗೆಯಾಡಿ, ಸುಟ್ಟ ಕೂದಲ ವಾಸನೆ ಬಿಟ್ಟು
ಅಲಗುಗಳ ಕೈಬಿಟ್ಟಿತು ನಟ್ಟನಡು ಹುಲ್ಲಿನಲ್ಲಿ.
ಎಂಜಿನ್ ಮಾತ್ರ ಓಡುತ್ತಲೇ ಇತ್ತು,
ಎದುರಿನವರ ಮಾತು ಮುಗಿದ ಮೇಲೂ
ತಲೆಯಾಡಿಸುವ ನಮ್ಮ ಪಾದ್ರಿಯ ಹಾಗೆ.

ಬರುವ ಸೋಮವಾರ ಯೋಧರ ಸ್ಮರಣೆ.
ಬಾವುಟ, ತುತ್ತೂರಿ,
ಫಾರ್ಗೋದಿಂದ, ಡುಲುತ್‌ನಿಂದ ಕಾರುಗಳು.
ಸತ್ತವರ ಮೇಲೆ ಮೊಣಕಾಲುದ್ದ ಹುಲ್ಲಿದ್ದರೆ
ಬೈಗುಳ ಬದುಕಿರುವವರಿಗೆ.

ಎರಡು ಮರದ ದಿಮ್ಮಿ, ಒಂದು ಜಾಕು,
ಬೆನ್ನ ಕೆಳಗೆ ರಟ್ಟು. ಅರವತ್ತೆಂಟರ ಬೆನ್ನು.
ನಡುವಿನ ಬೋಲ್ಟು ಜಪ್ಪಯ್ಯ ಅಂದರೂ ಜಗ್ಗಲಿಲ್ಲ.
ಎಣ್ಣೆ ಕುಡಿಸಿದೆ, ಬೈದೆ, ಒಂದು ರಾತ್ರಿ ಬಿಟ್ಟೆ.
ಬೆಳಿಗ್ಗೆ ಪಾನಿಗೆ ಉದ್ದನೆಯ ಪೈಪು ತೊಡಿಸಿ ಎಳೆದರೆ
ಟಣ್ಣೆಂದು ಸಡಿಲ,
ನಿನ್ನೆಯ ಹಟ ಬೇರೆ ಯಾರದೋ ಎಂಬಂತೆ.
ದಂಡದಿಂದ ಜಾರಿದ ಕೀಲಿ, ಉಗುರಿನಷ್ಟು,
ಅರ್ಧ ಗಂಟೆ ಹುಡುಕಿಸಿತು.
ಸಿಕ್ಕಿದ್ದು ಆರ್ಡಿಸ್‌ಗೆ.

ಆರ್ಡಿಸ್ ನನ್ನ ತಮ್ಮನ ಎರಡನೆಯ ಹೆಂಡತಿ.
ಬಂದು ಹನ್ನೊಂದು ತಿಂಗಳು.
ಕಾಫಿಗೆ ದಾಲ್ಚಿನ್ನಿ ಹಾಕುತ್ತಾಳೆ.
ಇಡೀ ಊರು ಹಿಂದಿನ ಬೆಂಚಿಗೆ ಮುಗಿಬೀಳುವ ಚರ್ಚಿನಲ್ಲಿ
ಮೊದಲ ಸಾಲಲ್ಲಿ ಒಬ್ಬಳೇ ಕೂರುತ್ತಾಳೆ.
ಹವೆಯ ಮಾತು ದಾಟಿ ನಾವಿಬ್ಬರೂ
ಒಂದು ಹೆಜ್ಜೆ ಮುಂದೆ ಹೋದವರಲ್ಲ.

ಹೊಸದನ್ನು ಕೂರಿಸಿದೆ, ತಂತಿ ಸಿಕ್ಕಿಸಿದೆ.
ಮೂರು ನಟ್ಟು, ಮೂರು ಕಿಂಡಿ.
ತೆಳ್ಳನೆ ಉಕ್ಕಿನ ಪಟ್ಟಿ ತೂರಿಸಿ ಸಂದು ಅಳೆದೆ:
ನಾಲ್ಕು ಹಾಳೆಯ ದಪ್ಪ, ಅಷ್ಟೇ.
ಹೆಚ್ಚಿದರೆ ಹಿಡಿಯದು. ಕಡಿಮೆಯಾದರೆ ಬಿಡದು.

ಪೆಟ್ಟಿಗೆಯೊಳಗಿನ ಚೀಟಿ ಹೇಳುತ್ತದೆ
ಹೊಸದನ್ನು ನೇರ ಕೆಲಸಕ್ಕೆ ಹೂಡಬಾರದಂತೆ.
ಎರಡು ಮುಖಗಳೂ ಕಣ್ಣಿಗಷ್ಟೇ ನುಣುಪು,
ತಾಗುವುದು ಅಲ್ಲೊಂದು ಇಲ್ಲೊಂದು ದಿಬ್ಬ.
ಅರ್ಧ ವೇಗದಲ್ಲಿ ಹತ್ತು ಸೆಕೆಂಡು ಹಿಡಿಸಿ, ಹತ್ತು ಬಿಡಿಸಿ,
ಮತ್ತೆ ಹಿಡಿಸಿ,
ಉಜ್ಜಿ ಉಜ್ಜಿ ಪಳಗಬೇಕು.

ಅಲಗು ತಿರುಗುವಾಗ ಸೀಟು ಖಾಲಿಯಾದರೆ ಎಂಜಿನ್ ಆರುತ್ತದೆ.
ನಾನು ಬದಿಗೆ ನಿಂತು ಸದ್ದು ಕೇಳಬೇಕು.
ತಮ್ಮ ಮೀನು ಹಿಡಿಯಲು ಹೋಗಿದ್ದ.

“ಎಳೆಯಿರಿ,” ಅಂದೆ.
ಹಳದಿ ಗುಂಡಿ ಎಳೆದಳು. ಠಕ್! ಒಂದು ಚೀತ್ಕಾರ.
ಬೆಚ್ಚಿ ಅರ್ಧ ಎದ್ದಳು, ಎಂಜಿನ್ ಆರಿತು.
“ಕೂತೇ ಇರಿ. ಅದು ಕೂಗುವುದೇ ಹಾಗೆ.”

ಒಂದು, ಎರಡು, ಮೂರು...
ಕೈಗಡಿಯಾರ ಹಿಡಿದು ನಾನು, ಗುಂಡಿ ಹಿಡಿದು ಅವಳು.
ಹಿಡಿದ ಹತ್ತು ಸೆಕೆಂಡು ಗದ್ದಲ.
ಬಿಟ್ಟ ಹತ್ತರಲ್ಲಿ ಮಾತು ಹಿಡಿಸುವಷ್ಟು ಜಾಗ.

“ಲವೊನ್ ಇರುವುದು ಮೂರನೆಯ ಸಾಲಲ್ಲವೇ?”
“ಹೌದು. ಕೆಂಪು ಕಲ್ಲು. ಎಳೆಯಿರಿ.”

“ಪಕ್ಕದಲ್ಲಿ ಅವನ ಹೆಸರೂ ಕೆತ್ತಿದೆ, ನೋಡಿದೆ.”
“ಆಗ ಇಬ್ಬರದೂ ಒಟ್ಟಿಗೆ ಕೆತ್ತಿಸಿದರೆ
ಅಗ್ಗವಾಗುತ್ತಿತ್ತು. ಎಳೆಯಿರಿ.”

ನಗು ಕಂಡೆನೋ, ಸೀಟು ಅದುರಿತೋ.

“ಕಲ್ಲಿನ ಅಂಚಿಗೆ ಈ ಯಂತ್ರ ಹೋಗುವುದಿಲ್ಲ.
ಅಲ್ಲಿ ಯಾರು ಕತ್ತರಿಸುತ್ತಾರೆ?”
“ನಾನು. ಕತ್ತರಿಯಲ್ಲಿ.”
ಹತ್ತು ಮುಗಿದಿತ್ತು. ಹನ್ನೆರಡಾಗಿತ್ತು.
“ಎಳಿ,” ಅಂದೆ.

ಎಷ್ಟನೆಯ ಸಲವೋ ನನಗೆ ಲೆಕ್ಕ ತಪ್ಪಿತು.
“ಹದಿನಾಲ್ಕು,” ಅಂದಳು, ಕೇಳದೆ.
ಚೀತ್ಕಾರ ಮುಲುಕಾಗಿ, ಮುಲುಕು ಗುಂಯ್‌ಗುಡುವಿಕೆಯಾಗಿ,
ಅಲಗುಗಳು ಎದ್ದವು ಎಳೆದದ್ದೇ ತಡ.
ಬಿಸಿ ಕಬ್ಬಿಣದ ವಾಸನೆ. ಕೆಟ್ಟದ್ದೇನಲ್ಲ.

ಆರಲಿ ಅಂತ ಕಾದೆವು. ಅವಳು ಸೀಟಿನಿಂದ ಇಳಿಯಲಿಲ್ಲ.
ಆಮೇಲೆ ಎರಡನೆಯ ಸಾಲಿಗೆ ತಿರುಗಿಸಿ
ಹುಲ್ಲು ಅರ್ಧಕ್ಕೆ ನಿಂತಿದ್ದ ಕಡೆಯಿಂದ ಹಿಡಿದಳು.
ನನಗಿಂತ ವೇಗ ಜಾಸ್ತಿ. ತಿರುವು ಅಗಲ.
ಹೇಳಬೇಕು ಅಂದುಕೊಂಡೆ, ಹೇಳಲಿಲ್ಲ.

ಕೊಟ್ಟಿಗೆಯಲ್ಲಿ ಕತ್ತರಿ ಹುಡುಕಿದೆ.
ಎರಡಿದ್ದವು.
ಒಂದಕ್ಕೆ ಸ್ಪ್ರಿಂಗ್ ಹಾಕಿಸಬೇಕು.