ಎದ್ದವರ ಸಾಲು

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸು,
ತೂಕದ ಮನೆಗೆ ಅಂಟಿದ ಕೋಣೆ.
ರಾತ್ರಿ ಎರಡು ಸಲ ಕರೆಂಟು ಹೋಗಿ ಬಂದಿದೆ.
ಬೆಳಿಗ್ಗೆ ಸರ್ವರ್ ತಾನೇ ಎದ್ದು ಕೂತಿದೆ,
ತಕರಾರಿಲ್ಲ.
ತಕರಾರಿಲ್ಲದ್ದೇ ನನಗೆ ದಿಗಿಲು.

ಒಳಗೆ ನಾಲ್ಕು ಡಿಸ್ಕು.
ನನಗಿಂತ ಮುಂಚೆ ಇದ್ದವನು ಬರೆದಿಟ್ಟ ಪಟ್ಟಿಯಲ್ಲಿ
ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ, ಎಸ್‌ಡಿಡಿ.
ಹೆಸರಲ್ಲ ಅವು, ಸರದಿ:
ಮೊದಲು ಕಣ್ಣುಬಿಟ್ಟಿದ್ದು ಎ,
ಅದರ ಹಿಂದಿನದು ಬಿ.
ಇವತ್ತು ಬಿ ಆಗಬೇಕಿದ್ದ ಹಳೇ ಡಿಸ್ಕು
ಹೊರಳಾಡಿ ಹೊರಳಾಡಿ ಸಿ ಆಗಿ ಎದ್ದಿದೆ.
ಅರೇಬಿಕಾ ಮೂಟೆಗಳ ಲೆಕ್ಕ ಇರಬೇಕಾದಲ್ಲಿ
ಹೋದ ವರ್ಷದ ಬ್ಯಾಕಪ್ಪು
ಅಳಿಯನ ಹಾಗೆ ಕಾಲು ಚಾಚಿ ಕೂತಿದೆ.

ಪುಟ್ಟಲಿಂಗಿ ನೆನಪಾದಳು.
ಬೀಜ ಆರಿಸುವ ಹೆಂಗಸರನ್ನು ಮೇಸ್ತ್ರಿ ಲೋಕಪ್ಪ
ಗೇಟು ದಾಟಿದ ಲೆಕ್ಕದಲ್ಲೇ ಬರೆಯುತ್ತಿದ್ದ: ಆರು, ಏಳು, ಎಂಟು.
ಆಲ್ದೂರಿನ ಬಸ್ಸು ಕೆಟ್ಟ ದಿನ
ಏಳು ಹೋಗಿ ಹತ್ತೊಂಬತ್ತಾಗಿ
ಅವಳ ಕೂಲಿ ಇನ್ಯಾರದೋ ಸೆರಗಿಗೆ ಬಿತ್ತು.
'ಹೆಸ್ರು ಬರ್ಕೋ' ಅಂದರೆ
'ಪುಟ್ಟಲಿಂಗೀರು ಮೂರು ಜನ ಅವ್ರೆ, ಯಾವಳಂತ ಬರೀಲಿ?' ಅಂದ.
ಅವಳು ಮೊರ ಕೆಳಗಿಟ್ಟು ತೋಳು ಚಾಚಿದಳು:
ಮೊಣಕೈವರೆಗೆ ಹಸಿರು ಹಚ್ಚೆ,
ಚುಕ್ಕಿ, ಗೆರೆ, ಚುಕ್ಕಿ, ಒಂದು ಅರ್ಧ ಚೇಳು
(ನೋವಿಗೆ ಕೈ ಕಿತ್ತುಕೊಂಡಿದ್ದಳಂತೆ).
'ಇದ ನೋಡ್ಕೊಂಡು ಬರಿ.
ಬಸ್ಸು ಯಾವಾಗ್ಲಾದ್ರೂ ಬರ್ಲಿ.'

ಡಿಸ್ಕಿಗೂ ಹಚ್ಚೆ ಉಂಟು.
ಫಾರ್ಮ್ಯಾಟ್ ಮಾಡಿದ ದಿನ ಚುಚ್ಚಿದ್ದು,
ಮೂವತ್ತೆರಡು ಅಕ್ಷರ, ನಾಲ್ಕು ಅಡ್ಡಗೆರೆ,
ಯಾವ ತಾಯಿಯೂ ಕೂಗಿ ಕರೆಯಲಾರದ ಹೆಸರು.
ಒಂದಕ್ಕೆ ಇದ್ದದ್ದು ಇನ್ನೊಂದಕ್ಕಿಲ್ಲ.
ರಿಹಾನಾ ಒಂದೊಂದಾಗಿ ಓದಿದಳು,
ನಾನು ಎಫ್‌ಎಸ್‌ಟ್ಯಾಬಿಗೆ ಬರೆದೆ:
ಈ ಹಚ್ಚೆಗೆ ಈ ಜಾಗ.
'ಬಿ ಅಂದ್ಯಾ, ಡಿ ಅಂದ್ಯಾ?' ಅಂತ ಮೂರು ಸಲ ಜಗಳ.

ಹಳೇ ಡಿಸ್ಕಿನ ಸಾಲಿಗೆ ಮಾತ್ರ
ಒಂದು ಮಾತು ಹೆಚ್ಚಿಗೆ ಸೇರಿಸಿದೆ, ನೋಫೇಲ್.
ಇಲ್ಲದಿದ್ದರೆ, ಅದು ಬಾರದ ದಿನ
ಯಂತ್ರ ತೊಂಬತ್ತು ಸೆಕೆಂಡು ದಾರಿ ನೋಡಿ
ಆಮೇಲೆ ಯಾರನ್ನೂ ಒಳಗೆ ಬಿಡದೆ ಮುಖ ತಿರುಗಿಸುತ್ತದೆ.
ಬಾರದಿದ್ದರೆ ಕೆಲಸ ನಡೆಯಲಿ,
ಸಾಲು ಮಾತ್ರ ಅಳಿಸಬೇಡಿ.
(ಪುಟ್ಟಲಿಂಗಿ ಯುಗಾದಿಯಿಂದ ಬಂದಿಲ್ಲ.
ಲೋಕಪ್ಪ ಇನ್ನೂ ಹೊಡೆದುಹಾಕಿಲ್ಲ.)

ರೀಬೂಟ್.
ಹೊರಗೆ ಎಂಟರ ಸೈರನ್ನು, ಮೂಟೆ ಇಳಿಯುವ ಸದ್ದು.
ಹಳೆಯದು ಈ ಸಲವೂ ಕೊನೆಗೆ ಬಂತು, ಗೊರಗೊರ ಅನ್ನುತ್ತಾ,
ನೇರ ತನ್ನ ಜಾಗಕ್ಕೆ ಹೋಗಿ ಕೂತಿತು.

'ಇವತ್ತು ಯಾವುದು ಎ?' ರಿಹಾನಾ ಕೇಳಿದಳು.

ನಾನು ನೋಡಲಿಲ್ಲ.