ಗೂಡು ಆರಿಸುವ ಕೈ

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹನ್ನೊಂದು ವರ್ಷ
ಜಾಲರಿಯೊಳಗೆ ಕೈಯಾಡಿಸಿ ದರ ಕೂಗಿದವನು ನಾನು.
ಕಣ್ಣು ಮುಚ್ಚಿಯೂ ಹೇಳುತ್ತೇನೆ:
ಇದು ಜೋಡಿಗೂಡು, ಇದರ ತುದಿ ತೆಳು,
ಇದರೊಳಗೆ ಹುಳು ಸುಣ್ಣ ಕಟ್ಟಿದೆ,
ಕಿವಿಯ ಹತ್ತಿರ ಅಲುಗಿಸು, ಕಲ್ಲಿನ ಸದ್ದು.

ಅಂಥ ಕೈ
ನನ್ನದೇ ಮೈಯ ಒಂದು ಗೂಡನ್ನು
ಮೂರು ತಿಂಗಳು ತಪ್ಪು ಓದಿತು.

ನೋವಿರಲಿಲ್ಲ. ಅದೇ ಮೋಸ.
ಬಲಬೀಜದ ಮೈಗೆ ಅಂಟಿಕೊಂಡು
ಬೇಯದ ಕಡಲೆಯಂಥದ್ದೊಂದು,
ಒತ್ತಿದರೆ ಜರುಗದು, ನೋಯದು.
ಆಮೇಲೆ ಭಾರ. ತಕ್ಕಡಿಯ ಬಟ್ಟೊಂದನ್ನು
ಯಾರೋ ಅಲ್ಲಿಟ್ಟು ಮರೆತ ಹಾಗೆ.

ತಪ್ಪನ್ನು ವಿಜಯಪುರದ ರಸ್ತೆಗುಂಡಿಗಳಿಗೆ ಹಾಕಿದೆ,
ಬಾಯ್ಲರಿನ ಬಿಸಿಗೆ ಹಾಕಿದೆ.
ಬ್ಯಾಟರಾಯ ಅಂದ, ‘ನೀರು ತುಂಬಿರತ್ತೆ ಬಿಡು ಜಬೀ,
ನಮ್ಮ ಮಾವನಿಗೂ ಇತ್ತು.’
ಅವರ ಮಾವನಿಗೆ ಅರವತ್ತೆರಡು. ನನಗೆ ಇಪ್ಪತ್ತೊಂಬತ್ತು.

ಕೊನೆಗೆ ಗೊತ್ತಾದದ್ದು ತಸ್ಮಿಯಾಳಿಗೆ, ಕತ್ತಲಲ್ಲಿ.
ಸುಮ್ಮನಿದ್ದಳು ತುಸು ಹೊತ್ತು. ಆಮೇಲೆ,
‘ಲಾಟಿನಲ್ಲಿ ಇಂಥದ್ದು ಬಂದಿದ್ದರೆ
ಎಷ್ಟಕ್ಕೆ ಕೂಗುತ್ತಿದ್ರಿ?’
ಕೂಗುತ್ತಿರಲಿಲ್ಲ. ಆಚೆ ಎಸೆಯುತ್ತಿದ್ದೆ.
‘ಹಾಗಾದರೆ ನಾಳೆ ಮೊದಲ ಬಸ್ಸು.’

ಚಿಕ್ಕಬಳ್ಳಾಪುರದ ಮುನಿಶಾಮಪ್ಪ ಡಾಕ್ಟರು
ಕೋಣೆಯ ದೀಪ ಆರಿಸಿ, ಹಿಂದಿನಿಂದ ಟಾರ್ಚು ಹಿಡಿದರು.
ನೀರಾಗಿದ್ದರೆ ಬೆಳಕು ಹಾಯುತ್ತದಂತೆ,
ಮಾವಿನ ಚಿಗುರಿನ ಕೆಂಪಿನಲ್ಲಿ.
ಹಾಯಲಿಲ್ಲ.
ದೀಪ ಹಾಕಿದ ಮೇಲೂ
ಕೋಣೆ ಸ್ವಲ್ಪ ಹೊತ್ತು ಕತ್ತಲಾಗಿಯೇ ಇತ್ತು.

ಸ್ಕ್ಯಾನ್ ಮಾಡಿದವರು ಹೆಣ್ಣುಮಗಳು.
ನಾಚಿಕೆಯಿಂದ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಮಲಗಿದೆ,
ಅದು ಹೋದ ವರ್ಷದ್ದು.
ತಣ್ಣನೆಯ ಜೆಲ್ಲಿ. ಪರದೆಯ ಮೇಲೆ
ಹದವಾಗಿ ಕಲಸಿದ ಬೂದು ಹಿಟ್ಟು,
ಅದರಲ್ಲೊಂದು ಕಪ್ಪು ತೇಪೆ.
ಈ ತುದಿಯಿಂದ ಆ ತುದಿಗೆ ಗೆರೆ ಎಳೆದು ಅಳೆದರು,
ಎರಡು ಪಾಯಿಂಟ್ ಮೂರು.
ದರ ಕೂಗಿದಷ್ಟೇ ಸಹಜವಾಗಿ.

ರಕ್ತಕ್ಕೆ ಮೂರು ಪರೀಕ್ಷೆ. ಲ್ಯಾಬಿನ ಹುಡುಗ
ಒಂದರ ಮೇಲೆ ಬೆರಳಿಟ್ಟು ತಡೆದ,
‘ಅಣ್ಣಾ, ಇದು ಬಸುರಿ ಹೆಂಗಸರಿಗೆ ಬರೆಯೋದು,
ಚೀಟಿ ಅದಲುಬದಲಾಗಿದೆಯಾ?’
ಆಗಿರಲಿಲ್ಲ. ಕೆಲವು ಗಡ್ಡೆಗಳೂ
ಬಸಿರಿನ ಸುಳ್ಳನ್ನೇ ರಕ್ತಕ್ಕೆ ಹೇಳುತ್ತವಂತೆ.
ನನ್ನದು ಸುಳ್ಳನ್ನೂ ಹೇಳಲಿಲ್ಲ,
ಮೂರೂ ಸರಿಯಿದ್ದವು. ‘ಹಾಗಂತ
ಏನೂ ಇಲ್ಲ ಎಂದಲ್ಲ,’ ಅಂದರು ಡಾಕ್ಟರು.

ಸೂಜಿ ಚುಚ್ಚಿ ನೋಡಬಾರದೇ ಎಂದು ಕೇಳಿದೆ.
ಬೇಡ, ಅದು ಹರಡಲು ದಾರಿ ಕೊಯ್ದು ಕೊಟ್ಟ ಹಾಗೆ.
ತೊಡೆಸಂದಿಯಲ್ಲಿ ಕೊಯ್ದು, ಇಡಿಯಾಗಿ ಹೊರತೆಗೆದು,
ಆಮೇಲೆ ತೆರೆದು ಓದುತ್ತಾರೆ.
ಹೆಸರು ತಿಳಿಯುವುದು ಆಗಲೇ.
ಇದು ಮಾತ್ರ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ.
ಗೂಡು ಬೇಯಿಸದೆ ಎಳೆಯ ತುದಿ
ಯಾರಿಗೆ ಸಿಕ್ಕಿದೆ?

ತಸ್ಮಿಯಾ ಕೇಳಿದ್ದು ಒಂದೇ. ಮಕ್ಕಳು?
ಒಂದು ಸಾಕಮ್ಮಾ, ಅಂದರು. ಆದರೂ ಮೊದಲೇ
ಬೆಂಗಳೂರಿಗೆ ಹೋಗಿ ಬೀಜ ಹಿಮದಲ್ಲಿಟ್ಟು ಬನ್ನಿ.
ಹೋಗಿ ಬಂದೆವು.
ಬಸ್ಸಿನಲ್ಲಿ ಇಬ್ಬರೂ ಕಳ್ಳೆಕಾಯಿ ತಿಂದೆವು, ಮಾತಿಲ್ಲ.

ಹನ್ನೆರಡನೆಯ ದಿನ ಕಾಗದದಲ್ಲಿ ಹೆಸರು ಬಂತು, ಸೆಮಿನೋಮಾ.
ಹೊಟ್ಟೆಯ ಸಿಟಿ ಸ್ಕ್ಯಾನಿನಲ್ಲಿ ಬೇರೇನೂ ಕಾಣಲಿಲ್ಲ.
ಬೇಗ ಬಂದಿದ್ದೀರಿ, ಅಂದರು.
ಮೂರು ತಿಂಗಳನ್ನು ನಾನು ಬಾಯಿಬಿಡಲಿಲ್ಲ.

ಈಗ ಹರಾಜು ಮುಗಿದು ಟೀ ಬರುವವರೆಗೆ
ಹುಡುಗರಿಗೆ ಹೇಳುತ್ತೇನೆ: ಬಿಸಿನೀರು ಹುಯ್ದುಕೊಂಡಾಗ
ಎರಡನ್ನೂ ಒಮ್ಮೆ ಬೆರಳಲ್ಲಿ ಉರುಳಿಸಿ ನೋಡ್ರೋ,
ಗೂಡು ನೋಡಿದ ಹಾಗೆ.
ಬಿದ್ದು ಬಿದ್ದು ನಗುತ್ತಾರೆ.
‘ಜಬೀ ಭಾಯ್, ಕೇಜಿಗೆಷ್ಟು?’

ನಿನ್ನೆ ಒಬ್ಬ ನಗಲಿಲ್ಲ.
ಚಿಂತಾಮಣಿ ಕಡೆಯವನು, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ.
ಎಲ್ಲರೂ ಎದ್ದು ಹೋದರೂ
ಖಾಲಿ ಜಾಲರಿಯೊಳಗೆ
ಕೈಯಾಡಿಸುತ್ತಲೇ ಇದ್ದ.