ಹಗಲಿನಲ್ಲಿ ಕಪ್ಪು

ಮೂವತ್ತೊಂದು ವರ್ಷ ಟ್ರಿಯೆಸ್ತೆಯ ಸತ್ತವರನ್ನು
ಮನೆಯಿಂದ ಇಗರ್ಜಿಗೆ, ಇಗರ್ಜಿಯಿಂದ ಸ್ಮಶಾನಕ್ಕೆ
ಕುಲುಕದ ಹಾಗೆ ಸಾಗಿಸಿದವನು ನಾನು.
ನಿವೃತ್ತಿಯ ಮರುದಿನ ಕಾಫಿ ಉಕ್ಕುವಷ್ಟರಲ್ಲಿ ತೀರ್ಮಾನಿಸಿದೆ:
ಇನ್ನು ಕಪ್ಪು ಸಾಕು.
ಬಂದರಿನ ಹತ್ತಿರದ ಅಂಗಡಿಯೊಂದರಲ್ಲಿ
ಸಾಸಿವೆ ಬಣ್ಣದ ಜಾಕೆಟ್ಟೊಂದು ಗಾಜಿನ ಹಿಂದೆ ನಿಂತು
ಎರಡು ವಾರದಿಂದ ನನ್ನನ್ನೇ ನೋಡುತ್ತಿತ್ತು.

ತಂಗಿ ವಿಲ್ಮಾ ನಕ್ಕಳು.
ಡ್ರೈಕ್ಲೀನಿಂಗ್ ಅಂಗಡಿಯ ಹಬೆಯಲ್ಲಿ ತಲೆ ನರೆಸಿಕೊಂಡವಳು,
ಊರಿನ ಅರ್ಧ ಜನರ ಬೆವರು ಬಲ್ಲವಳು,
ಉಳಿದರ್ಧದ ವೈನಿನ ಕಲೆ.
'ಈಗಲೇ ಕೊಳ್ಳಬೇಡ ತುಲ್ಲಿಯೊ.
ಮೊದಲು ಕಪಾಟು ಬರಿದು ಮಾಡು. ಎಲ್ಲವೂ ಮಂಚದ ಮೇಲೆ ಬರಲಿ.
ದೀಪ ಆರಿಸು, ಕಿಟಕಿ ತೆಗೆ, ಹಗಲಿನಲ್ಲಿ ನೋಡು.
ಒಂದೊಂದನ್ನೂ ತೊಟ್ಟು ಕೂತು ಏಳು,
ಬಗ್ಗಿ ಬೂಟಿನ ದಾರ ಕಟ್ಟು.
ನಿಂತಾಗ ಎಲ್ಲ ಕೋಟೂ ಸಂಭಾವಿತನೇ,
ಬಗ್ಗಿದಾಗ ತಿಳಿಯುತ್ತದೆ ಗುಣ.'

ಏಳು ಸೂಟು.
ಹನ್ನೊಂದು ಬಿಳಿ ಅಂಗಿ, ನಾಲ್ಕರ ಕಾಲರು ನೂಲು ಬಿಟ್ಟಿತ್ತು.
ಟೈಗಳನ್ನು ಎಣಿಸಲಿಲ್ಲ,
ಹಾವಿನ ಮರಿಗಳ ಹಾಗೆ ಒಂದಕ್ಕೊಂದು ಸುತ್ತಿಕೊಂಡು
ಮೂಲೆಯಲ್ಲಿ ಮಲಗಿದ್ದವು.
ಜೇಬುಗಳಿಂದ ಬಿದ್ದದ್ದು:
ಹೂವಿನಂಗಡಿಯ ಗುಂಡುಸೂಜಿ, ಕರಗಿದ ಪೆಪ್ಪರ್‌ಮಿಂಟು,
ಯಾರದೋ ಜಪಸರದ ಒಂದೇ ಒಂದು ಮಣಿ,
ನನ್ನದೇ ಅಕ್ಷರದ ಚೀಟಿ:
'ನಾಲ್ಕನೇ ಮಹಡಿ. ಲಿಫ್ಟ್ ಇಲ್ಲ. ವಿಧವೆಗೆ ಕಿವಿ ಮಂದ.'
ಯಾರ ಮನೆ ಅದು? ನೆನಪಾಗಲಿಲ್ಲ.
ಮೆಟ್ಟಿಲು ಮಾತ್ರ ನೆನಪಾಯಿತು, ಮೊಣಕಾಲಿಗೆ.

ಕಿಟಕಿ ತೆಗೆದದ್ದೇ ತಡ,
ಬೆಟ್ಟದಿಂದ ಇಳಿಯುವ ನಮ್ಮೂರಿನ ಬೋರಾ ಗಾಳಿ
ಹೇಳದೆ ಕೇಳದೆ ಒಳನುಗ್ಗಿತು.
ಮಂಚದ ಮೇಲಿನ ತೋಳುಗಳೆಲ್ಲ ಉಬ್ಬಿ ಎದ್ದವು,
ಏಳು ಮಂದಿ ಒಟ್ಟಿಗೆ ಕೈಯೆತ್ತಿ
ಏನೋ ಕೇಳಬೇಕೆನ್ನುವ ಹಾಗೆ.
ನಾನು ಅವುಗಳ ಮೇಲೆ ಬಿದ್ದು ಅಮುಕಿ ಹಿಡಿದೆ.
ಮೂಗು ಬಟ್ಟೆಗೆ ತಾಗುವಷ್ಟು ಹತ್ತಿರದಿಂದ ಆಗ ಕಂಡಿತು.

ಒಂದು ಕಪ್ಪು ಕಪ್ಪಲ್ಲ, ನೀಲಿ,
ದೋಣಿಗಳು ದೀಪ ಹಚ್ಚುವ ಮುಂಚಿನ ಕಡಲು.
ಒಂದು ಬಿಯರ್ ಸೀಸೆಯ ತಳದ ಹಸಿರು.
ಒಂದು ಲೋಟದಡಿಯ ಕಾಫಿ ಗಸಿ.
ಇನ್ನೊಂದು, ಹೆಗಲಿನ ಹತ್ತಿರ ಬಿಸಿಲು ತಿಂದು
ನೇರಳೆಯಾಗಿಬಿಟ್ಟಿದೆ!
ಇಷ್ಟು ವರ್ಷ ಬಣ್ಣ ತೊಟ್ಟು ಓಡಾಡಿದ್ದೇನೆ;
ಅಳುವವರಿಗೆ ಕಂಡಿರಲಿಕ್ಕಿಲ್ಲ,
ಮಲಗಿದವರಿಗಂತೂ ಇಲ್ಲವೇ ಇಲ್ಲ,
ನನಗೇನಾಗಿತ್ತು ಧಾಡಿ?

ಆಮೇಲೆ ಕೆಲಸ ಬೇಗ ಸಾಗಿತು.
ಎರಡು, ಹೊಸ ಡ್ರೈವರ್ ಎವಾನ್ ಹುಡುಗನಿಗೆ,
ಭುಜ ಸ್ವಲ್ಪ ಹಿಡಿಸಬೇಕು, ವಿಲ್ಮಾ ಹಿಡಿಸುತ್ತಾಳೆ.
ಮೊಣಕೈ ತೂತಾದದ್ದು ನೆಲ ಒರೆಸಲು.
ಹಸಿರು, ಗಸಿ, ನೇರಳೆ ನನಗೆ.
'ನೀಲಿ?' ಎಂದಳು.
'ಇರಲಿ. ಒಂದು ದಿನ ಬೇಕಾಗುತ್ತದಲ್ಲ.'
'ಯಾರಿಗೆ ಹೋಗಲು?' ಎಂದು ಅವಳು ಕೇಳಲಿಲ್ಲ.
ಸಡಿಲಾದ ಗುಂಡಿಯೊಂದನ್ನು ಎಳೆದು ನೋಡಿ,
ಸೂಜಿಗೆ ದಾರ ಪೋಣಿಸಿಕೊಂಡಳು.
ಟೈಗಳ ಗಂಟು ಇನ್ನೂ ಹಾಗೆಯೇ ಇದೆ.

ಸಂಜೆ ಹಸಿರು ಕಪ್ಪು ತೊಟ್ಟು, ಟೈ ಇಲ್ಲದೆ,
ಕೊರಳಿಗೆ ಗಾಳಿ ಬಿಟ್ಟುಕೊಂಡು ಬಂದರಿನ ಕಡೆ ಹೋದೆ.
ಸಾಸಿವೆ ಜಾಕೆಟ್ಟು ಅಲ್ಲೇ ಇತ್ತು.
ಹಾಕಿ ನೋಡಿದೆ. ಬಗ್ಗಿದೆ.
ಕಂಕುಳಲ್ಲಿ ಕಚ್ಚಿತು.
ಮರಳಿ ಗಾಜಿನ ಹಿಂದೆ ನಿಂತಾಗ
ಅದು ಬೇರೆ ಯಾರನ್ನೋ ನೋಡುತ್ತಿತ್ತು.

ಬರಿಗೈಲಿ ಬರಲಿಲ್ಲ.
ಅದೇ ಬಣ್ಣದ ಕಾಲುಚೀಲ, ಒಂದೇ ಜೊತೆ.
ನಡೆಯುವಾಗ ಯಾರಿಗೂ ಕಾಣುವುದಿಲ್ಲ,
ಕೂತರೆ ಎರಡು ಬೆರಳಷ್ಟು.
ದಾರಿಯುದ್ದಕ್ಕೂ, ಸುಸ್ತಾಗದಿದ್ದರೂ,
ಬೆಂಚು ಕಂಡಲ್ಲೆಲ್ಲ ಕೂತೆ.